ಒದ್ದೆ ಕೇಕಿನ ಗುಮಾನಿ

ಯಾರಾದರೂ ನಗುನಗುತ್ತಾ ನನ್ನ ಮುಂದೆ ಏನನ್ನಾದರೂ ತಂದಿಟ್ಟರೆ, ಮೊದಲು ಅದರ ತಳ ನೋಡಬೇಕು ಅನ್ನಿಸುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ಗೊತ್ತು. ಆದರೆ ನಮ್ಮ ಮನೆಯ ಅನ್ನ ಬೇಯುವುದೇ ಈ ಗುಣದಿಂದ. ಮೆಟ್ಟುಪಾಳ್ಯದಲ್ಲಿ ನನ್ನದೊಂದು ತರಕಾರಿ ಮಂಡಿ ಇದೆ. ಬೆಟ್ಟದಿಂದ ಲಾರಿಯಲ್ಲಿ ಇಳಿದು ಬರುವ ಕ್ಯಾರೆಟ್ಟನ್ನು ಹರಾಜು ಹಾಕಿ ಕಮಿಷನ್ ತೆಗೆದುಕೊಳ್ಳುವ ವ್ಯಾಪಾರ. ಮೂಟೆ ಕಟ್ಟುವವನು ಎಷ್ಟೇ ದೈವಭಕ್ತನಾಗಿರಲಿ, ಮೂಟೆಯ ಬಾಯಲ್ಲಿ ಮಾತ್ರ ಮದುವಣಗಿತ್ತಿಯಂಥ ಕ್ಯಾರೆಟ್ಟುಗಳನ್ನೇ ಜೋಡಿಸಿರುತ್ತಾನೆ. ಅದಕ್ಕೆ ನಾವು ಮುಖ ಎನ್ನುತ್ತೇವೆ. ಮುಖ ನೋಡಿ ಬೆಲೆ ಕಟ್ಟಿದವನು ಮುಳುಗಿದ. ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಕೈ ತೂರಿಸಿ, ನಡುವಿನಿಂದ ಒಂದನ್ನು ಎಳೆದು ನೋಡಬೇಕು. ಕೈಗೆ ತೇವ ಹತ್ತಿತೋ, ಒಳಗೆ ಕೊಳೆಯಲು ಶುರುವಾಗಿದೆ ಎಂದೇ ಅರ್ಥ.

ಹೀಗೆ ತೇವ ಕಂಡರೆ ಬೆಚ್ಚುವವನ ಮನೆಗೆ, ಒದ್ದೆ ಕೇಕು ಮಾಡುವ ಸೊಸೆ ಬಂದಳು.

ಸೊಸೆಯ ಹೆಸರು ಸುಗಂಧಿ. ಕೊಯಮತ್ತೂರಿನ ಹುಡುಗಿ. ಅವರೂ ನಮ್ಮ ಹಾಗೆ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಆಡುವ ಮಂದಿ. ತಂದೆಗೆ ಪಂಪು ಮೋಟಾರಿನ ಕಾರ್ಖಾನೆಯಲ್ಲಿ ಕೆಲಸ. ಬರುವಾಗ ಬೀರು ಮಂಚಗಳ ಜತೆಗೆ ಒಂದು ಓವನ್ನನ್ನೂ ತಂದಳು. ಮಾತಿಗೊಂದು ಸಲ “ಸರಿ ಮಾವ”, “ಆಗಲಿ ಅತ್ತೆ”. ಒಂದು ದಿನ ಮುಖ ಸಿಂಡರಿಸಿದ್ದಿಲ್ಲ, ಒಂದು ದಿನ ಎದುರು ಮಾತಾಡಿದ್ದಿಲ್ಲ. ಹೊಸ ಸೊಸೆ ಇಷ್ಟು ಒಳ್ಳೆಯವಳಾಗಿದ್ದರೆ ಬೇರೆ ಮಾವಂದಿರು ದೇವರಿಗೆ ಕಾಯಿ ಒಡೆಸುತ್ತಾರೆ. ನನಗೆ ಮಾತ್ರ ಇಷ್ಟು ಅಂದವಾದ ಮುಖವಿರುವ ಮೂಟೆಯ ನಡುವಿನಲ್ಲಿ ಏನಿದ್ದೀತು ಎಂಬ ಯೋಚನೆ ಹತ್ತಿತು.

ಭಾನುವಾರ ಬಂದರೆ ಅವಳು ಕ್ಯಾರೆಟ್ ಕೇಕು ಮಾಡುತ್ತಾಳೆ. ನಾನು ಪೇಪರು ಓದುವ ನೆಪದಲ್ಲಿ ಕೂತು ಅದನ್ನೆಲ್ಲ ನೋಡಿದ್ದೇನೆ. ಕ್ಯಾರೆಟ್ಟನ್ನು ಸಣ್ಣಗೆ ತುರಿಯುತ್ತಾಳೆ, ತುರಿದದ್ದನ್ನು ಹಿಂಡುವುದಿಲ್ಲ. ಬೆಣ್ಣೆಯ ಬದಲು ಎಣ್ಣೆ ಹಾಕುತ್ತಾಳೆ. ಕಂದು ಸಕ್ಕರೆ, ಮೊಟ್ಟೆ, ಒಂದಿಷ್ಟು ಚಕ್ಕೆಪುಡಿ. ಹಿಟ್ಟು ಹಾಕಿದ ಮೇಲೆ ಹೆಚ್ಚು ಕಲಸಿದರೆ ಗಟ್ಟಿಯಾಗುತ್ತದಂತೆ, ಕೈ ಬಿಟ್ಟುಬಿಡಬೇಕಂತೆ. ಒಳಗೆ ಬೇಯುತ್ತಿರುವಾಗ ಕ್ಯಾರೆಟ್ಟು ತನ್ನ ನೀರನ್ನು ಜಿಪುಣನ ಹಾಗೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಅದರಿಂದಲೇ ಆ ಮೆತ್ತನೆಯ ತೇವ. ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಜಗತ್ತಿನ ತಿಂಡಿಗಳೆಲ್ಲ ಮಾರನೆಯ ದಿನ ಒಣಗಿದರೆ, ಈ ಕೇಕು ಇನ್ನಷ್ಟು ಒದ್ದೆಯಾಗುತ್ತದೆ. ಇಟ್ಟಷ್ಟೂ ಚೆನ್ನಾಗುವ ವಸ್ತುವನ್ನು ತರಕಾರಿ ವ್ಯಾಪಾರದವನು ಹೇಗೆ ನಂಬಬೇಕು ನೀವೇ ಹೇಳಿ.

ನಾನು ಬಾಯಿಗೆ ಹಾಕುವ ಮುಂಚೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ನನ್ನ ಹೆಂಡತಿ ರಂಗನಾಯಕಿಗೆ ಒತ್ತುವ ಅಗತ್ಯವೂ ಇರಲಿಲ್ಲ. ಒಂದು ಚೂರು ನಾಲಿಗೆಯ ಮೇಲಿಟ್ಟು, ಒಳಗೆಲ್ಲ ಒದ್ದೆಯೆಂದು ತನ್ನ ಅರೆ ತಮಿಳಿನಲ್ಲಿ ತೀರ್ಪು ಕೊಡುತ್ತಿದ್ದಳು: “ಬೆಂದೇ ಇಲ್ಲಮ್ಮಾ. ಉಳ್ಳೆಲ್ಲ ಈರವಾಗಿ ಐತೆ ಪಾರು.” ಸುಗಂಧಿ “ಸರಿ ಅತ್ತೆ, ಮುಂದಿನ ಸಾರಿ ನೋಡ್ತೀನಿ” ಅನ್ನುತ್ತಿದ್ದಳು. ಮುಂದಿನ ಸಾರಿಯೂ ಕೇಕು ಅಷ್ಟೇ ಒದ್ದೆ. ತಟ್ಟೆ ಮಾತ್ರ ಪ್ರತಿಸಲವೂ ಖಾಲಿಯಾಗುತ್ತಿತ್ತು, ಅದು ಬೇರೆ ಮಾತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ವ್ಯಾಪಾರಕ್ಕೆ ಬಂದ ಒಳ್ಳೆಯ ಸರಕನ್ನು ನಾವು ಮನೆಗೆ ತರುವುದಿಲ್ಲ. ಮನೆಗೆ ಬರುವುದು ಕಳಿವು, ಅಂದರೆ ಮಾರಲಾಗದ್ದು: ಸೀಳಿದ್ದು, ಮುರಿದದ್ದು, ಎರಡು ಕಾಲು ಮೂಡಿ ಪಂಚೆ ಉಡಿಸಬೇಕು ಅನ್ನಿಸುವಂಥದ್ದು. ಪಲ್ಲಡದಲ್ಲಿ ಕೋಳಿಫಾರಂ ಇಟ್ಟಿರುವ ನನ್ನ ಷಡ್ಡಕ ಇಡೀ ಮೊಟ್ಟೆಯನ್ನು ಕಂಡಿರುವುದು ಟ್ರೇಯಲ್ಲಿ ಮಾತ್ರ, ತಟ್ಟೆಗೆ ಬೀಳುವುದು ಬಿರುಕು ಬಿಟ್ಟದ್ದೇ. ತಿರುಪ್ಪೂರಿನಲ್ಲಿ ಬನಿಯನ್ ಹೊಲಿಸುವ ನಮ್ಮ ನೆಂಟರೊಬ್ಬರ ಮನೆಯ ಗಂಡಸರ ಟೀಶರ್ಟಿಗೆ ಒಂದು ತೋಳು ಉದ್ದ, ಒಂದು ಗಿಡ್ಡ. ಪರದೇಶದವರು ಬೇಡವೆಂದದ್ದನ್ನು ತೊಟ್ಟುಕೊಂಡು ಅವರು ಪರದೇಶಕ್ಕೇ ಹೋಗಿಬಂದಷ್ಟು ಗತ್ತಿನಲ್ಲಿ ಓಡಾಡುತ್ತಾರೆ. ಇದು ಬಡತನವಲ್ಲ, ಜಿಪುಣತನವೂ ಅಲ್ಲ. ಅಪ್ಪನ ಕಾಲದಿಂದ ಬಂದ ಮರ್ಯಾದೆ. ಒಳ್ಳೆಯ ಸರಕನ್ನು ತಾನೇ ತಿಂದುಬಿಡುವ ವ್ಯಾಪಾರಿಯನ್ನು ಊರು ಒಂದು ಥರಾ ನೋಡುತ್ತದೆ.

ಒಂದು ದಿನ ಮಜ್ಜಿಗೆಗೆಂದು ಫ್ರಿಜ್ಜು ತೆಗೆದಾಗ, ಕೆಳಗಿನ ಡಬ್ಬದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕಂಡಿತು. ಅದರ ಮೇಲೆ ಕೊಯಮತ್ತೂರಿನ ದೊಡ್ಡ ಅಂಗಡಿಯೊಂದರ ಚೀಟಿ, ಒಳಗೆ ಕ್ಯಾರೆಟ್ಟು! ತವರಿಗೆ ಹೋದಾಗಲೆಲ್ಲ ಅಲ್ಲಿಂದ ಬಸ್ಸಿನಲ್ಲಿ ಕ್ಯಾರೆಟ್ಟು ಹೊತ್ತು ತಂದು, ಕ್ಯಾರೆಟ್ಟಿನ ಮಂಡಿಯವನ ಮನೆಯಲ್ಲಿ ಬಚ್ಚಿಡುತ್ತಿದ್ದಾಳೆ ಈ ಹುಡುಗಿ. ಕಮ್ಮಾರನ ಬೀದಿಗೆ ಸೂಜಿ ಮಾರಲು ಹೋದವನೂ ಇಷ್ಟು ಧೈರ್ಯ ತೋರಿಸಿರಲಾರ. ಒಂದನ್ನು ಕೈಗೆತ್ತಿಕೊಂಡು ನೋಡಿದೆ. ನೀಳವಾಗಿ, ಮೊಂಡು ತುದಿಯಾಗಿ, ಒಂದೇ ಬಣ್ಣ. ನನ್ನ ಕಣ್ಣಿಗೆ ಮೋಸವಾಗುವುದಿಲ್ಲ, ಅದು ಆ ವಾರ ನಮ್ಮ ಮಂಡಿಯಿಂದಲೇ ಹೋದ ಮಾಲು. ಲಾರಿಯಲ್ಲಿ ಕೆಳಗಿಳಿದು, ಅಂಗಡಿಯಲ್ಲಿ ಮೈಕೈ ತೊಳೆದುಕೊಂಡು, ಸೊಸೆಯ ಜತೆ ಸೀಟಿನಲ್ಲಿ ಕೂತು ವಾಪಸು ಬಂದಿತ್ತು.

ಅಲ್ಲಿಂದ ನನ್ನ ಗುಮಾನಿಗೆ ಕಾಲು ಬಂತು. ನಮ್ಮ ಕ್ಯಾರೆಟ್ಟನ್ನು ಅಸಹ್ಯಪಡುತ್ತಾಳೆ ಎಂದರೆ ನಮ್ಮ ಮನೆಯನ್ನೇ ಅಸಹ್ಯಪಡುತ್ತಾಳೆ. ಹಾಗಾದರೆ ಎಷ್ಟು ದಿನ ಇರುತ್ತಾಳೆ? ಇದೇ ತಲೆಯಲ್ಲಿಟ್ಟುಕೊಂಡು ಮನೆಯೆಲ್ಲ ಕಣ್ಣಾಡಿಸುತ್ತಿದ್ದವನಿಗೆ ಅವರ ಮಂಚದ ಕೆಳಗೆ ಓವನ್ನಿನ ರಟ್ಟಿನ ಪೆಟ್ಟಿಗೆ ಕಂಡಿತು. ಥರ್ಮೋಕೋಲು ಮುರಿದಿಲ್ಲ, ಹಗ್ಗವನ್ನೂ ಸುತ್ತಿ ಒಳಗಿಟ್ಟಿದೆ. ಇಲ್ಲೇ ಇರುವವರು ಪೆಟ್ಟಿಗೆಯನ್ನು ಹಳೇ ಪೇಪರಿನವನಿಗೆ ಹಾಕುತ್ತಾರೆ. ಹೊರಡುವವರು ತಾನೇ ಜೋಪಾನ ಮಾಡುವುದು? ಮಗ ಮುರಳಿಯನ್ನು ಎಳೆದುಕೊಂಡು ಕೊಯಮತ್ತೂರಿನಲ್ಲಿ ಬೇರೆ ಮನೆ ಮಾಡುತ್ತಾಳೆ ಎಂದು ನಿಶ್ಚಯವಾಗಿಬಿಟ್ಟಿತು. ನಿಜ ಹೇಳುತ್ತೇನೆ, ಅದು ನನಗೆ ಬೇಕಿರಲಿಲ್ಲ. ಅಷ್ಟರಲ್ಲಿ ಆ ಹುಡುಗಿ ಮನೆಯಲ್ಲಿ ಓಡಾಡುವ ಸದ್ದು ನನಗೆ ಅಭ್ಯಾಸವಾಗಿಹೋಗಿತ್ತು. ರಂಗನಾಯಕಿಗೆ ಹೇಳಿದರೆ, “ನಿಮ್ಗೆ ಬೇರೆ ವೇಲೆ ಇಲ್ವಾ? ಸೊಸೆ ಮಂಚದ ಕೆಳಗೆ ಬಗ್ಗಿ ನೋಡ್ತೀರಲ್ಲ, ವೆಟ್ಕ ಆಗಲ್ವಾ?” ಎಂದು ಕೆಲಸವಿಲ್ಲದ ನಾಚಿಕೆಗೆಟ್ಟವನನ್ನು ಬೈಯುವ ಹಾಗೆ ಬೈದಳು. ಅಂದಹಾಗೆ, ನಮ್ಮ ಮನೆಯಲ್ಲಿ ಕನ್ನಡ ಆಡುವವರು ಎಲ್ಲರೂ, ಮೈಸೂರಿನಲ್ಲಿ ಓದಿದ ಪುಣ್ಯದಿಂದ ಕನ್ನಡ ಓದಬಲ್ಲವನು ನಾನೊಬ್ಬನೇ. ಆದ್ದರಿಂದ ಇದನ್ನೆಲ್ಲ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೊನೆಗೆ, ನೇರವಾಗಿ ಕೇಳುವ ಎದೆಗಾರಿಕೆ ಇಲ್ಲದೆ, ನಮ್ಮ ಒಳ್ಳೆಯ ಮಾಲನ್ನಾದರೂ ಮುಟ್ಟುತ್ತಾಳೋ ನೋಡೋಣವೆಂದು ಒಂದು ಪರೀಕ್ಷೆ ಮಾಡಿದೆ. ಅಪ್ಪನ ಆತ್ಮದ ಕ್ಷಮೆ ಕೇಳಿ, ಮೂಟೆಯ ಬಾಯಿಯಿಂದಲೇ ಮೊದಲ ದರ್ಜೆಯ ಕ್ಯಾರೆಟ್ಟು ಆರಿಸಿ ಮನೆಗೆ ತಂದು ಅಡುಗೆಮನೆಯಲ್ಲಿ ಸುರಿದೆ. ರಂಗನಾಯಕಿ ಹಾವು ಕಂಡವಳಂತೆ ಹಿಂದೆ ಸರಿದಳು. ನೆಟ್ಟಗಿನ ಕ್ಯಾರೆಟ್ಟು ಈ ಮನೆಯ ಹೊಸಿಲು ದಾಟಿದ್ದೇ ಇಲ್ಲವಲ್ಲ! “ಏನ್ರೀ ಇದು, ಇಷ್ಟು ನೇರಾಗಿ ಐತೆ? ಮರುಂದು ಗಿರುಂದು ಅಡಿಚ್ಚಿದಾರಾ?” ಎಂದು ಮೂಸಿ ನೋಡಿ, ಔಷಧಿ ಹೊಡೆದದ್ದೆಂದೇ ಪಕ್ಕಕ್ಕಿಟ್ಟಳು.

ಸುಗಂಧಿ ಬಂದು ನೋಡಿದಳು. “ಮಾವ, ಇದು ಎಲ್ಲಿ ವಾಂಗಿದ್ರಿ?”

“ಕೊಂಡುಕೊಳ್ಳೋದೇನು, ನಮ್ಮ ಮಂಡೀದೇ.”

ಅವಳು ನಂಬಲಿಲ್ಲ. ಒಂದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ, “ನಮ್ಮ ಮಂಡಿಗೆ ಇಂಥಾದ್ದೂ ಬರುತ್ತಾ?” ಎಂದಳು.

ಆಗ ಹೊರಬಿತ್ತು ಸಂಗತಿ. ಮನೆಗೆ ಬರುವ ಸೀಳು ಕ್ಯಾರೆಟ್ಟುಗಳನ್ನು ನೋಡಿ, ನಮ್ಮ ವ್ಯಾಪಾರವೇ ಅಂಥದ್ದು ಎಂದುಕೊಂಡಿದ್ದಾಳೆ. ಇದನ್ನೆಲ್ಲ ಯಾರು ಕೊಳ್ಳುತ್ತಾರೆ, ಸಂಸಾರ ಹೇಗೆ ನಡೆಯುತ್ತದೆ ಎಂದು ಮರುಗಿದ್ದಾಳೆ. “ಮಾವನ ಮನಸ್ಸು ನೋಯೋದು ಬೇಡ ಅಂತ ಅಂಗಡೀದನ್ನ ಚುಮ್ಮಾ ಫ್ರಿಜ್ಜಿನೊಳಗಿಟ್ಟಿದ್ದೆ. ಅಮ್ಮನ ಹತ್ರಾನೂ ಹೇಳಿದ್ದೆ, ಪಾವಂ, ಅವರ ಹತ್ರ ಕ್ಯಾರೆಟ್ ಕೇಳಬೇಡ ಅಂತ.” ನಾನು ತಾತ್ಸಾರ ಎಂದುಕೊಂಡದ್ದು ಅಸಲಿಗೆ ಕನಿಕರವಾಗಿತ್ತು. ಅದು ಇನ್ನೂ ಚೆನ್ನಾಗಿ ಚುಚ್ಚಿತು. ಬೀಗರ ಕಡೆಯವರು ಯಾಕೆ ನನ್ನನ್ನು ಅಷ್ಟು ಮೃದುವಾಗಿ ಮಾತಾಡಿಸುತ್ತಿದ್ದರೆಂದು ಆಗ ಗೊತ್ತಾಯಿತು.

ಇಷ್ಟಾದ ಮೇಲೆ ಪೆಟ್ಟಿಗೆಯ ಮಾತನ್ನೂ ತೆಗೆದೇಬಿಟ್ಟೆ. ಅವಳ ಮುಖ ಸಣ್ಣದಾಯಿತು. “ಅತ್ತೆ ಪ್ರತಿ ವಾರ ಬೆಂದಿಲ್ಲ ಅಂತಾರೆ. ನೀವು ಒತ್ತಿ ಒತ್ತಿ ನೋಡ್ತೀರಿ. ಒಂದು ದಿನ, ಈ ಮನೆಗೆ ಇದೆಲ್ಲ ಸರಿಬರಲ್ಲ, ಎತ್ಕೊಂಡು ಹೋಗಮ್ಮಾ ಅಂದ್ರೆ? ಅದಕ್ಕೇ ಇಟ್ಟಿದ್ದೆ ಮಾವ.” ನಾವು ಕಳಿಸುವುದು ಓವನ್ನನ್ನೋ ಅವಳನ್ನೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಅವಳು ಹೊರಡುತ್ತಾಳೆಂದು ಕಾಯುತ್ತಿದ್ದೆ, ಅವಳು ನಾವು ಹೊರಡಿಸುತ್ತೇವೆಂದು ಕಾಯುತ್ತಿದ್ದಳು. ಒಂದೇ ಸೂರಿನ ಕೆಳಗೆ ಇಷ್ಟು ಮರ್ಯಾದೆಯಾಗಿ ಯಾರೂ ಯಾರನ್ನೂ ನಂಬದೆ ಬದುಕಿರಲಾರರು.

ಮುಂದಿನ ಭಾನುವಾರ ನಮ್ಮ ಮಂಡಿಯ ಕ್ಯಾರೆಟ್ಟಿನಲ್ಲೇ ಕೇಕು ಆಯಿತು. ರಂಗನಾಯಕಿ ಚೂರು ಬಾಯಿಗಿಟ್ಟು ಎಂದಿನಂತೆ, “ಬೆಂದೇ ಇಲ್ಲಮ್ಮಾ” ಅಂದಳು. “ಸರಿ ಅತ್ತೆ” ಬರುತ್ತದೆಂದು ನಾನು ಕಾದೆ.

“ಅದು ಇರೋದೇ ಹಾಗೆ ಅತ್ತೆ. ಬೇಕಿದ್ರೆ ತಿನ್ನಿ, ಇಲ್ಲ ಅಂದ್ರೆ ತಟ್ಟೆ ಇತ್ಲಾಗೆ ಕೊಡಿ. ಹೋದ ವಾರ ನಾಲ್ಕು ತುಂಡು ತಿಂದ್ರಲ್ಲ, ಅದು ಬೆಂದಿತ್ತಾ?”

ರಂಗನಾಯಕಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಅಕ್ಕಿ ಬೆಂದಿದೆಯಾ ಇಲ್ವಾ ಅಂತ ನನಗೆ ಸೊಲ್ಲಿ ಕೊಡ್ತೀಯಾ ನೀನು?” ಎಂದು ಶುರುವಾದದ್ದು, ಸುಗಂಧಿಯ ಉಪ್ಪಿಟ್ಟು, ಅತ್ತೆಯ ಹುಳಿ, ಮುರಳಿಯ ಸೋಮಾರಿತನಗಳನ್ನೆಲ್ಲ ಸುತ್ತಿ, ಅರ್ಧ ದಾರಿಯಲ್ಲಿ ಪೂರ್ತಿ ತಮಿಳಿಗೆ ತಿರುಗಿ, ಪಕ್ಕದ ಮನೆಯವರು ಟೀವಿಯ ಸದ್ದು ತಗ್ಗಿಸುವವರೆಗೆ ಬೆಳೆಯಿತು. ಮುರಳಿ ಚಪ್ಪಲಿ ಮೆಟ್ಟಿಕೊಂಡು ಮಾಯವಾದ. ನಾನು ಜಗಲಿಗೆ ಬಂದು ಕೂತೆ.

ಸ್ವಲ್ಪ ಹೊತ್ತಿಗೆ ರಂಗನಾಯಕಿ ಬೆವರು ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕುಸಿದು ಕೂತಳು. ಬೈಗುಳ ನನ್ನ ಮೇಲೆ ತಿರುಗುತ್ತದೆಂದು ಸಿದ್ಧನಾದೆ. ಅವಳು ಒಳಗೊಮ್ಮೆ ಇಣುಕಿ ನೋಡಿ, ಯಾರಿಗೂ ಕೇಳದ ಹಾಗೆ ಹೇಳಿದಳು:

“ಅಪ್ಪಾ! ಹುಡುಗಿ ಬಾಯಿ ಬಿಟ್ಟಳು ರೀ. ಇನ್ನು ಎಲ್ಲಿಗೂ ಹೋಗಲ್ಲ.”