ಟೇಪಕ್ಕನ ಎಡ, ಟೇಪಕ್ಕನ ಬಲ

ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆ, ಅದೇ ಟೇಪಕ್ಕನ ಹೊಲಿಗೆ ಅಂಗಡಿ. ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದ ಮೇಜು, ಒಂದು ನಿಲುವುಗನ್ನಡಿ, ಮೂಲೆಯಲ್ಲಿ ನರಳುತ್ತಾ ಓಡುವ ಹಳೇ ಕಂಪ್ಯೂಟರು. ಕೊರಳಲ್ಲಿ ಯಾವಾಗಲೂ ಅಳತೆ ಟೇಪು ಇಳಿಬಿದ್ದಿರುವುದರಿಂದ ಬೀದಿಗೆಲ್ಲ ಅವಳು ಟೇಪಕ್ಕ. ಯಾಕಮ್ಮಾ ಮದುವೆಯಾಗಲಿಲ್ಲ ಎಂದು ಯಾರಾದರೂ ಮೂಗು ತೂರಿಸಿದರೆ, ಅಳತೆಗೆ ಸರಿಯಾದವನು ಸಿಗಲಿಲ್ಲ ಎಂದು ಬಾಯಿ ಮುಚ್ಚಿಸುತ್ತಾಳೆ.

ಜೊತೆಗಿರುವುದು ತಂಗಿ. ಹಲ್ಲಿನ ಡಾಕ್ಟರ ಹತ್ತಿರ ಮುಂಬಾಗಿಲಲ್ಲಿ ಕುಳಿತು ರೋಗಿಗಳ ಚೀಟಿ ಬರೆಯುತ್ತಾಳೆ. ಚಿಕ್ಕಂದಿನಿಂದ ಬೆನ್ನುಮೂಳೆ ಸೊಟ್ಟ, ಎಡಭುಜ ಎರಡು ಬೆರಳಷ್ಟು ಕೆಳಗೆ. ರೆಡಿಮೇಡ್ ಅಂಗಿ ಹಾಕಿಕೊಂಡರೆ ಜನ ಮುಖ ಬಿಟ್ಟು ಭುಜವನ್ನೇ ನೋಡುತ್ತಾರೆ. ಅವಳ ಭುಜಕ್ಕೆ ಸಮನಾಗಿ ಕೂರುವ ಅಂಗಿ ಹೊಲಿಯಬೇಕೆಂಬ ಹಟದಿಂದಲೇ ಟೇಪಕ್ಕ ಈ ಕಸುಬಿಗೆ ಬಿದ್ದಿದ್ದು.

ಹತ್ತು ವರ್ಷದ ಹಿಂದೆ ಕಾಲೇಜೊಂದರ ಕಂಪ್ಯೂಟರ್ ಮೇಷ್ಟ್ರು ಒಬ್ಬರು ಅಳತೆಪೆಟ್ಟಿಗೆ ಎಂಬ ತಂತ್ರಾಂಶ ಮಾಡಿ ಇಂಟರ್ನೆಟ್ಟಿನಲ್ಲಿ ಇಟ್ಟರು. ಮೈಯಳತೆ ತುಂಬಿದರೆ ಸಾಕು, ಕತ್ತರಿಸಬೇಕಾದ ನಕ್ಷೆ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. ಬಿಟ್ಟಿ. ಯಾರು ಬೇಕಾದರೂ ಬಳಸಬಹುದು, ಒಳಗೆ ಕೈಹಾಕಿ ತಿದ್ದಬಹುದು, ಹೊತ್ತುಕೊಂಡು ಹೋಗಲೂಬಹುದು. ನನಗೆ ಗುಂಡಿ ಹೊಲಿಯಲೂ ಬಾರದು, ಬಲ್ಲವರು ಬನ್ನಿ ಎಂದು ಮೇಷ್ಟ್ರು ಬರೆದಿದ್ದರು. ಟೇಪಕ್ಕ ಹೋದಳು. ಟಪಾಲು ಹಂಚಿ ಬಂದು ಸಂಜೆ ಪ್ರೋಗ್ರಾಮಿಂಗ್ ಕಲಿತಿದ್ದ ಅಂಚೆಯಣ್ಣ ಬಂದ. ಮೂಳೆ ಆಸ್ಪತ್ರೆಯ ನರ್ಸಮ್ಮ ಬಂದಳು. ಬೇರೆ ಬೇರೆ ಊರುಗಳಿಂದ ಇನ್ನೊಂದು ಮೂವತ್ತು ಜನ. ಒಬ್ಬರಿಗೂ ಸಂಬಳವಿಲ್ಲ.

ಗೂನುಬೆನ್ನು, ಮೋಟುಕೈ, ಏರುಪೇರು ಭುಜ, ಇಂಥ ಮೈಗಳ ಅಳತೆ ಪಟ್ಟಿ ಎಲ್ಲೂ ಇರಲಿಲ್ಲ. ಟೇಪಕ್ಕ ಮಾಡಿದಳು. ನರ್ಸಮ್ಮನ ಆಸ್ಪತ್ರೆಗೆ ಭಾನುವಾರ ಭಾನುವಾರ ಹೋಗಿ, ಒಪ್ಪಿದವರ ಮೈಯಳೆದು, ಮುನ್ನೂರು ಜನರ ಪಟ್ಟಿ ತುಂಬಿದಳು. ಇಂಥ ಮೈಗೆ ತಂತ್ರಾಂಶ ನಕ್ಷೆ ಬರೆಯುವುದು ಆ ಪಟ್ಟಿ ನೋಡಿಯೇ. ಅದರಲ್ಲೇ ಒಂದು ಎಡವಟ್ಟೂ ಮಾಡಿದಳು. ಅವಳು ಅಳೆಯುವುದು ಎದುರಿಗೆ ನಿಂತು. ತನ್ನ ಎಡಗೈ ಕಡೆ ಇದ್ದ ಭುಜವನ್ನು ಎಡ ಎಂದೇ ಬರೆದುಕೊಂಡು ಹೋದಳು, ಅದು ಎದುರಿನವರ ಬಲಭುಜ! ಗೊತ್ತಾಗುವ ಹೊತ್ತಿಗೆ ಪಟ್ಟಿ ಪೂರ್ತಿ ತುಂಬಿತ್ತು. ಮುನ್ನೂರನ್ನೂ ತಿದ್ದುವುದು ಯಾರು ಎಂದು ಅಂಚೆಯಣ್ಣ ಪಟ್ಟಿಯನ್ನು ಹಾಗೇ ಬಿಟ್ಟು, ತಂತ್ರಾಂಶದ ಅಚ್ಚು ಮಾಡುವ ಭಾಗದಲ್ಲಿ ಒಂದೇ ಸಾಲು ಬರೆದು ನಕ್ಷೆಯನ್ನು ಎಡಬಲ ಮಗುಚಿಬಿಟ್ಟ. ಅಲ್ಲಿಂದಾಚೆ ಅವರೊಳಗೆ ಟೇಪಕ್ಕನ ಎಡ, ಲೋಕದ ಎಡ ಎಂದು ಎರಡು ಎಡಗಳಾದವು. ಎಷ್ಟು ವರ್ಷ ನಕ್ಕರೋ ಅದಕ್ಕೆ! ಮತ್ತೊಮ್ಮೆ ಹೀಗಾಗದಿರಲೆಂದು ನಿಯಮವೊಂದು ಹುಟ್ಟಿತು. ಏನೇ ಬದಲಾವಣೆ ಇರಲಿ, ಹಳೇ ದುಪ್ಪಟಿಯಲ್ಲಿ ಕತ್ತರಿಸಿ, ಹೊಲಿದು, ಒಬ್ಬರಿಗೆ ತೊಡಿಸಿ ಫೋಟೊ ಹಾಕದೆ ಹೊರಗೆ ಬಿಡುವಂತಿಲ್ಲ. ತೊಡುವವಳು ಹೆಚ್ಚಾಗಿ ತಂಗಿಯೇ.

ಹೋದ ವರ್ಷ ಒಂದು ಬೆಳಿಗ್ಗೆ ಮೇಷ್ಟ್ರು ನಾಲ್ಕು ಸಾಲು ಬರೆದರು. ದಣಿದಿದ್ದೇನೆ, ಕೈಲಾಗುತ್ತಿಲ್ಲ, ಇವತ್ತಿಗೆ ಮುಚ್ಚುತ್ತಿದ್ದೇನೆ, ನಿಮಗೆಲ್ಲ ಋಣಿ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ವರ್ಷದ ಮಾತುಕತೆ, ಫೋಟೊ, ಟಿಪ್ಪಣಿ, ಎಲ್ಲ ಮಾಯ. ಆದರೂ ಯಾರಿಗೂ ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿತು. ಟೇಪಕ್ಕನಂತೂ ಫೋಟೊ ನೋಡಿ ಅಂದಾಜಿನಲ್ಲೇ ಒಂದು ನೀಲಿ ಶರ್ಟು ಹೊಲಿದು ಮೇಷ್ಟ್ರ ಮನೆಗೆ ಪಾರ್ಸಲು ಕಳಿಸಿದಳು. ಮೂರು ವಾರಕ್ಕೆ ಅದು ಬಿಚ್ಚದೆಯೇ ವಾಪಸು ಬಂತು. ವಿಳಾಸದಲ್ಲಿ ಇಲ್ಲ ಎಂಬ ಮೊಹರು. ತಂದುಕೊಟ್ಟವನು ಅಂಚೆಯಣ್ಣನೇ. ಕಷ್ಟಕ್ಕೆ ಮನೆ ಬಿಟ್ಟರೋ ಏನೋ ಎಂದು ಟೇಪಕ್ಕ ಹನಿಗಣ್ಣಾಗಿ ಪಾರ್ಸಲನ್ನು ಕಪಾಟಿನ ಮೇಲಿಟ್ಟಳು.

ಪುಣ್ಯಕ್ಕೆ ಅಂಚೆಯಣ್ಣನ ಹತ್ತಿರ ಎಲ್ಲದರ ಒಂದು ಪ್ರತಿ ಇತ್ತು. ಬಿಟ್ಟುಹೋಗದೆ ಉಳಿದ ಹನ್ನೊಂದು ಜನ ಬೇರೊಂದು ಜಾಗ ಹಿಡಿದು ಕೆಲಸ ಮುಂದುವರಿಸಿದರು. ಭಾನುವಾರ ಟೇಪಕ್ಕ, ಅಂಚೆಯಣ್ಣ, ನರ್ಸಮ್ಮ ಮೂವರೂ ಈ ಕೋಣೆಯಲ್ಲೇ ಸೇರಿ, ಕತ್ತರಿಸುವ ಮೇಜಿನ ಸುತ್ತ ಕುಳಿತು, ಬಂದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು.

ನಾಲ್ಕು ತಿಂಗಳಾದ ಮೇಲೆ ಒಬ್ಬ ಹೆಂಗಸು ಕೋಟು ಸರಿಮಾಡಿಸಲು ಬಂದಳು. ಅವಳದೂ ಏರುಪೇರು ಭುಜ. ಫೋನಿನಲ್ಲಿ ಹೊಸದಾಗಿ ಬಂದ ಆ್ಯಪಿಗೆ ದುಡ್ಡು ಕಟ್ಟಿ, ನಕ್ಷೆ ತೆಗೆದು ಹೊಲಿಸಿದ್ದಂತೆ. ತಗ್ಗಿದ ಭುಜಕ್ಕೆ ಹಾಕಬೇಕಾದ ದಪ್ಪ ಪಟ್ಟಿ ಎತ್ತರದ ಭುಜದ ಮೇಲೆ ಕೂತಿತ್ತು. ಒಂದೇ ಹೆಗಲಿಗೆ ಮೂಟೆ ಹೊತ್ತಂತೆ ಕಾಣುತ್ತಿದ್ದಳು ಪಾಪ. ನೆಂಟರ ಮದುವೆಗೆ ಹಾಕಿಕೊಂಡು ಹೋಗಿ ಅರ್ಧಕ್ಕೇ ಎದ್ದು ಬಂದೆ ಎಂದಳು. ಟೇಪಕ್ಕ ಅವಳ ಫೋನು ಇಸಿದುಕೊಂಡಳು. ಲೋಕದಲ್ಲಿ ಈ ತಪ್ಪು ಮಾಡಿದವಳು ತಾನೊಬ್ಬಳೇ.

ಆ್ಯಪು ತೆರೆದು ನೋಡಿದರೆ ಮುನ್ನೂರು ಜನರ ಪಟ್ಟಿ ಹಾಗೇ ಇತ್ತು. ಮೇಲ್ಗಡೆ ಮುಖ್ಯ ಸಲಹೆಗಾರರು ಎಂದು ಮೇಷ್ಟ್ರ ನಗುಮುಖ. ಕಂಪನಿ ಸೇರಿದ ತಾರೀಖು ನೋಡಿದಳು. ನಾಲ್ಕು ಸಾಲು ಬರೆಯುವುದಕ್ಕೆ ಎರಡು ತಿಂಗಳ ಮುಂಚಿನದು.

ಮೈಯೆಲ್ಲ ಉರಿದುಹೋಯಿತು ಟೇಪಕ್ಕನಿಗೆ. ಇಷ್ಟು ಜನಕ್ಕೆ ಅಂಗಿ ಹೊಲಿದವಳಿಗೇ ಟೋಪಿ ಹಾಕಿದನಲ್ಲ ಎಂದು ಅತ್ತಳು. ಕೇಸು ಹಾಕೋಣ ಎಂದಳು. ಭಾನುವಾರ ಎಲ್ಲ ಕೇಳಿಸಿಕೊಂಡ ಅಂಚೆಯಣ್ಣ ತಲೆ ತಗ್ಗಿಸಿದ.

"ಕದ್ರು ಅನ್ನೋ ಹಾಗೂ ಇಲ್ಲ ಟೇಪಕ್ಕ. ಯಾರು ಬೇಕಾದ್ರೂ ತಗೊಂಡು ಹೋಗಿ ಅಂತ ನಾವೇ ಬರ್ದಿದ್ವಲ್ಲ."

ತೆಗೆದುಕೊಂಡಿದ್ದಕ್ಕೆ ಅವಳಿಗೆ ಉರಿಯಲಿಲ್ಲ. ಹೋಗುವವನು ಹೇಳಿ ಹೋಗಬಾರದೇ, ಬಾಗಿಲು ತೆರೆದಿಟ್ಟು ಹೋಗಬಾರದೇ? ತಾವೆಲ್ಲ ಸುರಿಸಿದ ಕನಿಕರವನ್ನೂ ಜೇಬಿಗಿಳಿಸಿಕೊಂಡು ಹೋದನಲ್ಲ!

ಮುಂದಿನ ಭಾನುವಾರ ಮೇಷ್ಟ್ರ ಫೋನೇ ಬಂತು. ಟೇಪಕ್ಕ ಸ್ಪೀಕರಿಗೆ ಹಾಕಿದಳು. ಆರೋಗ್ಯ, ತಂಗಿ, ಅಂಗಡಿ, ಎಲ್ಲ ವಿಚಾರಿಸಿಯಾದ ಮೇಲೆ ಅಸಲು ವಿಷಯ ಹೊರಬಿತ್ತು. ಭುಜದ ಬಗ್ಗೆ ದೂರುಗಳು ಬರುತ್ತಿವೆ, ಅಚ್ಚು ಮಾಡುವ ಭಾಗವನ್ನು ಕಂಪನಿಯವರು ಹೊಸದಾಗಿ ಬರೆದಿದ್ದಾರೆ, ತಪ್ಪು ಎಲ್ಲಿದೆ ಎಂದು ಯಾರಿಗೂ ತಿಳಿಯುತ್ತಿಲ್ಲ, ಅವಳಿಗೇನಾದರೂ ಹೊಳೆಯುತ್ತದೆಯೇ? ಹೊಸದಾಗಿ ಬರೆಯುವಾಗ ಅಂಚೆಯಣ್ಣನ ಆ ಮಗುಚುವ ಸಾಲು ಬಿಟ್ಟುಹೋಗಿತ್ತು. ಅಷ್ಟು ವರ್ಷ ಎಲ್ಲರೂ ಅದಕ್ಕೆ ನಕ್ಕಿದ್ದು ಈ ಮನುಷ್ಯನ ಕಿವಿಗೇ ಬಿದ್ದಿರಲಿಲ್ಲ. ಒಂದು ಹಳೇ ದುಪ್ಪಟಿ ಕತ್ತರಿಸಿ ನೋಡಿದ್ದರೆ ಸಾಕಿತ್ತು.

ಟೇಪಕ್ಕ ಕಪಾಟಿನ ಮೇಲಕ್ಕೆ ನೋಡಿದಳು.

"ಅದಿರ್ಲಿ ಮೇಷ್ಟ್ರೇ. ನಾನು ಕಳ್ಸಿದ ಶರ್ಟು ಸರಿಯಾಗಿ ಕೂತ್ಕೊಳ್ತಾ?"

ಆ ಕಡೆಯಿಂದ ಮೇಷ್ಟ್ರು ನಕ್ಕರು.

"ಅಯ್ಯೋ, ಅಳತೆ ತಗೊಂಡು ಹೊಲ್ದ ಹಾಗಿದೆ. ಮೊನ್ನೆ ಕೂಡ ಹಾಕ್ಕೊಂಡಿದ್ದೆ."

ಅಂಚೆಯಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದ. ಟೇಪಕ್ಕ ಫೋನಿಟ್ಟಳು. ಇವನಿಗೆ ಸತ್ತರೂ ಹೇಳುವುದಿಲ್ಲ, ಮುಳುಗಿಹೋಗಲಿ ಎಂದಳು. ನರ್ಸಮ್ಮ ಹೂಂಗುಟ್ಟಿದಳು. ತಂಗಿ ಮಾತ್ರ ಸುಮ್ಮನಿರಲಿಲ್ಲ.

"ಆ ಕೋಟು ಹಾಕ್ಕೊಂಡು ಜನರ ಮಧ್ಯೆ ಹೋಗೋದು ಮೇಷ್ಟ್ರಲ್ಲ ಅಕ್ಕ. ನನ್ನಂಥೋರು."

ಟೇಪಕ್ಕ ತುಂಬ ಹೊತ್ತು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ತಮ್ಮ ಹೊಸ ಜಾಗದಲ್ಲಿ, ಎಲ್ಲರಿಗೂ ಕಾಣುವಂತೆ ಬರೆದಳು. ಆ ಆ್ಯಪಿನ ನಕ್ಷೆ ಇದ್ದವರು ಕಾಗದವನ್ನು ಮಗುಚಿ ಹಾಕಿ ಕತ್ತರಿಸಿ, ಮಗುಚಿದರೆ ಗುಂಡಿಪಟ್ಟಿಯೂ ಪಕ್ಕ ಬದಲಾಗುತ್ತದೆ, ಅದನ್ನು ಮಾತ್ರ ನೋಡಿಕೊಳ್ಳಿ, ತಪ್ಪು ಮೂಲದಲ್ಲಿ ನನ್ನದು. ಇದನ್ನೂ ಅವನು ಎತ್ತಿಕೊಳ್ಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಎತ್ತಿಕೊಂಡ ಕೂಡ. ವಾರದೊಳಗೆ ಆ್ಯಪು ಸರಿಯಾಯಿತು, ನಮ್ಮ ತಜ್ಞರು ಪತ್ತೆಹಚ್ಚಿದ ದೋಷ ಎಂದು ಬರೆದುಕೊಂಡಿದ್ದರು.

ಆದರೆ ಆ ಭಾನುವಾರ, ಬರೆದದ್ದನ್ನು ಹೊರಗೆ ಬಿಡುವ ಮೊದಲು ನಿಯಮ ಪಾಲಿಸಬೇಕಿತ್ತು. ಮನೆಯಲ್ಲಿ ಹಳೇ ದುಪ್ಪಟಿ ಮುಗಿದಿತ್ತು. ಟೇಪಕ್ಕ ಸ್ಟೂಲು ಹತ್ತಿ ಪಾರ್ಸಲು ಇಳಿಸಿ, ಮೊಹರಿನ ಮೇಲೇ ಕತ್ತರಿ ಆಡಿಸಿದಳು. ನೀಲಿ ಶರ್ಟಿನ ಹೊಲಿಗೆಗಳನ್ನೆಲ್ಲ ಬಿಚ್ಚಿ, ಬಟ್ಟೆಯನ್ನು ಮೇಜಿನ ಮೇಲೆ ಹರವಿ, ತಂಗಿಯ ಅಳತೆಗೆ ಆ ಆ್ಯಪು ಕೊಟ್ಟ ಕಾಗದ ಮಗುಚಿಟ್ಟು ಕತ್ತರಿಸಿದಳು. ಕಚ್ಚಾ ಹೊಲಿಗೆ ಹಾಕಿ ತಂಗಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. ಎರಡು ಭುಜವೂ ಸಮನಾಗಿ ಕೂತವು.

"ಇದು ಮೇಷ್ಟ್ರ ಶರ್ಟಲ್ವಾ ಅಕ್ಕ?" ಎಂದಳು ತಂಗಿ.

"ಬಟ್ಟೆ ಅಷ್ಟೇ," ಎಂದಳು ಟೇಪಕ್ಕ. "ಅಲ್ಲಾಡದೆ ನಿಂತ್ಕೋ, ಫೋಟೊ ತೆಗೀಬೇಕು."