ಪರಮೇಶನ ಜಗಲಿಯಲ್ಲಿ ನಮ್ಮಜ್ಜಿಯ ಕಲ್ಲು

‘ಅಂಕಲ್, ಆ ಪಿಂಕ್ ಬಿಲ್ಡಿಂಗ್ ಫ್ರೇಮಿನಲ್ಲಿ ಬರ್ತಾ ಇದೆ. ಯಾರು ಕಟ್ಟಿದ್ದು ಅದನ್ನ ಇಲ್ಲಿ?’

ಕೇಳಿದ್ದು ಬೆಂಗಳೂರಿನಿಂದ ಕ್ಯಾಮೆರಾ ನೇತುಹಾಕಿಕೊಂಡು ಬಂದಿದ್ದ ಹುಡುಗಿ. ಕೇಳಿದ್ದು ನನ್ನನ್ನು. ಆ ಪಿಂಕ್ ಬಿಲ್ಡಿಂಗ್ ನನ್ನ ಮನೆ.

‘ಯಾರೋ ರಿಟೈರ್ಡ್ ಮೇಷ್ಟ್ರಂತೆ’ ಎಂದೆ. (ಸುಳ್ಳೇನೂ ಹೇಳಲಿಲ್ಲವಲ್ಲ?)

ನಮ್ಮೂರು ಹಂದನಕೆರೆಯ ಆಚೆ ತೆಂಗಿನ ತೋಟಗಳ ನಡುವೆ ಇದೆ. (ಹೆಸರು ಹೇಳುವುದಿಲ್ಲ. ಪರಮೇಶನಿಗೆ ಪುಕ್ಕಟೆ ಪ್ರಚಾರ ನಾನ್ಯಾಕೆ ಕೊಡಲಿ?) ಮೊದಲು ಊರಿಗೆ ಊರೇ ಕಲ್ಲಿನದು. ಗೋಡೆ ಕಲ್ಲು, ಕಂಬ ಕಲ್ಲು, ಮೇಲೆ ಹೊದಿಸಿದ್ದೂ ಕಲ್ಲು ಚಪ್ಪಡಿ. ಹನ್ನೆರಡು ವರ್ಷದ ಹಿಂದೆ ಎಲ್ಲರಿಗಿಂತ ಮೊದಲು ಕಲ್ಲಿನ ಮನೆ ಕೆಡವಿ ಸಿಮೆಂಟಿನ ಮೋಲ್ಡ್ ಹಾಕಿಸಿದವನು ನಾನು. ಅವತ್ತು ಊರಿನವರೆಲ್ಲ ಬಂದು ಟೈಲ್ಸ್ ಸವರಿ ನೋಡಿಕೊಂಡು ಹೋದರು. ಎದುರು ಮನೆಯ ಪರಮೇಶ ನನ್ನ ಕ್ಲಾಸ್‌ಮೇಟು. ಹಳೇ ಕಲ್ಲು ಕೇಳಿದ. ‘ತಗೊಂಡೋಗಿ ಕೊಟ್ಟಿಗೆಗೆ ಹಾಸ್ಕೊಳ್ಲಾ’ ಎಂದು ಕೊಟ್ಟು, ಅವನ ಹಳೇ ಮನೆ ನೋಡಿ ನಕ್ಕಿದ್ದೆ.

ಈಗ ನಗುವ ಸರದಿ ಅವನದು. ಹೋದ ವರ್ಷ ಅವನೂ ಅಕ್ಕಪಕ್ಕದ ಐದು ಮನೆಯವರೂ ಸೇರಿ ತಮ್ಮ ಕಲ್ಲಿನ ಮನೆಗಳನ್ನು ರಿಪೇರಿ ಮಾಡಿಸಿದರು. ಸಿಮೆಂಟ್ ಮುಟ್ಟಿಸಲಿಲ್ಲ, ಬರೀ ಸುಣ್ಣದ ಗಾರೆ. ಶನಿವಾರವಾದರೆ ದುಡ್ಡು ಕೊಟ್ಟು ಉಳಿಯಲು ಬರುವ ಗೆಸ್ಟುಗಳು. ಪ್ಲಾಸ್ಟಿಕ್ ಬಾಟಲಿ ಊರೊಳಗೆ ತರುವಂತಿಲ್ಲ. ಸ್ನಾನದ ನೀರು ತೆಂಗಿನ ಮರಕ್ಕೇ ಹೋಗಬೇಕು. ಮನೆಗೆ ನಾಲ್ಕೇ ಜನ, ಐದನೆಯವರಿಗೆ ಜಾಗವಿಲ್ಲ. ಇಷ್ಟೆಲ್ಲ ರೂಲ್ಸ್ ಹಾಕಿದರೂ ಜನ ಕ್ಯೂ ನಿಲ್ಲುತ್ತಾರೆ. ರಾತ್ರಿ ಅಟ್ಟದಲ್ಲಿ ಕೊಬ್ಬರಿಯಾಗುತ್ತಿರುವ ಕಾಯಿಗಳ ಕೆಳಗೆ ಮಲಗುವುದು ಅವರಿಗೆ ಸಂಭ್ರಮವಂತೆ. ಅದರಲ್ಲಿ ಅರ್ಧ ನನ್ನ ತೋಟದ ಕಾಯಿ. (ಮೋಲ್ಡಿನ ಮನೆಯಲ್ಲಿ ನಾನು ಅಟ್ಟ ಇಡಿಸಿರಲಿಲ್ಲ.)

ಹೊಟ್ಟೆ ಉರಿಯುವುದಿಲ್ಲವೇ? ಉರಿಯಿತು. ಎಂಟು ತಿಂಗಳು ರಸ್ತೆ ದಾಟಿ ಅವನ ಮನೆಗೆ ಹೋಗಲಿಲ್ಲ. ಕಳೆದ ಭಾನುವಾರ ಹೋದದ್ದೂ ನನ್ನ ಹೆಂಡತಿ ಗಿರಿಜೆಯನ್ನು ಹುಡುಕಿಕೊಂಡು. ನೋಡಿದರೆ ಅವಳು ಗೆಸ್ಟುಗಳಿಗೆ ಮುದ್ದೆ ಕಟ್ಟುತ್ತ ಕೂತಿದ್ದಾಳೆ.

‘ಮೂರು ತಿಂಗಳಿಂದ ಬತ್ತಾ ಇದೀನಿ ಕಣ್ರೀ. ನಿಮ್ಗೆ ಹೇಳಿದ್ರೆ ಮುಖ ಊದಿಸ್ಕೊಂಡಿರ್ತಿದ್ರಿ’ ಎಂದಳು.

ಮುಖ ಊದಿಸಿಕೊಂಡೇ ಜಗಲಿಗೆ ಬಂದು ಕೂತೆ. ಕೈಗೆ ಏನೋ ಗೀರು ತಗುಲಿತು. ಬಗ್ಗಿ ನೋಡಿದರೆ ಚೌಕಾಬಾರ ಆಟದ ಮನೆಗಳು. ಉಳಿಯಲ್ಲಿ ಕೆತ್ತಿದ್ದು. ಮೂಲೆಯ ಮನೆ ಸೊಟ್ಟ. ನಮ್ಮಜ್ಜಿ ಸೋತಾಗಲೆಲ್ಲ ಆ ಸೊಟ್ಟ ಮನೆಯನ್ನೇ ಬೈಯುತ್ತಿದ್ದಳು. ಇದು ನಮ್ಮ ಜಗಲಿಯ ಕಲ್ಲು. ಹನ್ನೊಂದು ವರ್ಷ ಕೊಟ್ಟಿಗೆಯ ಸಗಣಿಯ ಕೆಳಗಿದ್ದುದನ್ನು ಪರಮೇಶ ತೊಳೆಸಿ ಮುಂದೆ ಹಾಸಿದ್ದಾನೆ. ನಾನು ಅಲ್ಲಿ ಬಗ್ಗಿ ಕೂತಿರುವಾಗಲೇ ಆ ಹುಡುಗಿ ಬಂದು ಪಿಂಕ್ ಬಿಲ್ಡಿಂಗ್ ವಿಚಾರಿಸಿದ್ದು. ಆಮೇಲೆ ಫೋಟೊಕ್ಕೆ ಅಡ್ಡ ಎಂದು ಕಲ್ಲಿನ ಮೇಲಿಂದ ನನ್ನನ್ನೂ ಎಬ್ಬಿಸಿದಳು.

ತಡೆಯಲಾಗಲಿಲ್ಲ. ಪರಮೇಶನನ್ನು ಕರೆದು, ‘ಇದು ನಮ್ಮಜ್ಜಿ ಕಲ್ಲು. ನನಗೆ ವಾಪಸ್ ಬೇಕು’ ಎಂದೆ. ಅವನು ಜಗಳಕ್ಕೆ ನಿಲ್ಲಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

‘ನಿಂದೇ ಕಣ್ಲಾ. ನೀನು ಬಂದು ಕೇಳ್ತೀಯ ಅಂತ್ಲೇ ಗಾರೆ ಹಾಕ್ಸದೆ ಬುಟ್ಟಿದ್ದೆ. ನಾಳೆ ಹೊತ್ತಾರೆ ಎತ್ತಿಸ್ಕೊಂಡು ಬತ್ತೀನಿ ಬುಡು’ ಎಂದ.

ಹೀಗೆ ಒಪ್ಪಿಕೊಂಡುಬಿಟ್ಟರೆ ಹೊಟ್ಟೆಕಿಚ್ಚು ಪಡುವವನ ಗತಿಯೇನು?

ಸೋಮವಾರ ನಾನು ಕಾಫಿ ಕುಡಿಯುವ ಹೊತ್ತಿಗೆ ಗಾಡಿ ಬಂತು. ನಾಲ್ಕು ಜನ ಹಾರೆ ಕೊಟ್ಟು ಕಲ್ಲನ್ನು ಗೇಟಿನ ಮುಂದೆ ಇಳಿಸಿದರು. ಗಿರಿಜೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನೂ ನೋಡಿದೆ. ಗೇಟು, ಗ್ರಿಲ್ಲು, ಮೆಟ್ಟಿಲು, ಕಾರೇ ಇಲ್ಲದ ಕಾರ್ ಪೋರ್ಟಿಕೊ.

ಪರಮೇಶ ಬೆವರು ಒರೆಸಿಕೊಳ್ಳುತ್ತ ಕೇಳಿದ, ‘ಎಲ್ಲಿಗೆ ಹಾಕನ್ಲಾ? ನಿನ್ನ ಜಗಲಿ ಎಲ್ಲೈತೆ?’