ಒಂದು ಸಾಲಿನ ಆಜ್ಞೆ, ಒಂದೂವರೆ ಪುಟದ ತಪ್ಪೊಪ್ಪಿಗೆ

ನಮ್ಮ ಸಹಕಾರ ಕ್ಷೇತ್ರದಲ್ಲಿ ಅಭಿನಂದನ ಗ್ರಂಥಕ್ಕೆ ಪಾತ್ರರಾಗುವವರು ಸಾಮಾನ್ಯವಾಗಿ ಏನನ್ನಾದರೂ ಕಟ್ಟಿಸಿದವರು. ಗೋದಾಮೋ, ಸಭಾಂಗಣವೋ, ಕೊನೆಗೆ ಒಂದು ನೀರಿನ ತೊಟ್ಟಿಯೋ ಇದ್ದು, ಅದರ ಮೇಲೆ ಹೆಸರು ಕೆತ್ತಿದ ಕಲ್ಲೂ ಇದ್ದರೆ ಲೇಖನ ಬರೆಯುವವರಿಗೆ ಎಷ್ಟೋ ಅನುಕೂಲ. ಶ್ರೀ ಬಿ. ಎಂ. ಪರ್ವತಯ್ಯನವರು ಈ ಅನುಕೂಲವನ್ನು ನಮಗೆ ಒದಗಿಸಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತರಿಗೆ ಬಿತ್ತನೆ ಬೀಜ ಹಂಚುವ ನಮ್ಮ ಗಿರಿಸೀಮೆ ಬೀಜ ಸಹಕಾರ ಸಂಘದಲ್ಲಿ ಮೂವತ್ತಮೂರು ವರ್ಷಗಳಿಗೂ ಮಿಕ್ಕಿ ದುಡಿದು, ೨೦೨೫ರ ಫೆಬ್ರವರಿ ಕೊನೆಗೆ ನಿವೃತ್ತರಾದ ಅವರು ತಮ್ಮ ಸೇವೆಯ ಗುರುತಾಗಿ ಬಿಟ್ಟುಹೋಗಿರುವುದು ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಟೈಪು ಮಾಡಬೇಕಾದ ಒಂದು ಸಾಲಿನ ಆಜ್ಞೆಯನ್ನು ಮಾತ್ರ. ಅದನ್ನು ಉದ್ಘಾಟಿಸಲು ಗಣ್ಯರಾರೂ ಬರಲಿಲ್ಲ. ಹಾರ ಹಾಕೋಣವೆಂದರೆ ಅದಕ್ಕೆ ಕೊರಳೂ ಇಲ್ಲ. ಆದರೂ ನಮ್ಮ ಸೀಮೆಯ ಸಹಕಾರ ಸಂಘಗಳಲ್ಲಿ ಕಂಪ್ಯೂಟರುಗಳ ಆರೋಗ್ಯವನ್ನು ಮನೆಯವರ ಆರೋಗ್ಯದಂತೆ ಕಾದವರು ಯಾರು ಎಂದು ಕೇಳಿದರೆ, ನಾಲ್ಕು ತಾಲ್ಲೂಕಿನವರೂ ಮೊದಲು ಹೇಳುವ ಹೆಸರು ಅವರದೇ. ನಾಲ್ಕು ತಾಲ್ಲೂಕಿನವರು ಇನ್ನಾವ ವಿಷಯದಲ್ಲೂ ಹೀಗೆ ಒಮ್ಮತಕ್ಕೆ ಬಂದಿದ್ದು ನನಗೆ ತಿಳಿಯದು.

ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯಲ್ಲಿ ಹುಟ್ಟಿದ ಪರ್ವತಯ್ಯನವರು ೧೯೯೧ರಲ್ಲಿ ಬೆರಳಚ್ಚುಗಾರರಾಗಿ ಸಂಘವನ್ನು ಸೇರಿದರು. ೧೯೯೯ರಲ್ಲಿ ಸಂಘಕ್ಕೆ ಮೊದಲ ಕಂಪ್ಯೂಟರು ಬಂದಾಗ ಅದಕ್ಕೊಂದು ಪ್ರತ್ಯೇಕ ಕೋಣೆ, ಕೋಣೆಗೊಂದು ಪರದೆ, ಬಾಗಿಲಲ್ಲಿ ‘ಪಾದರಕ್ಷೆ ಹೊರಗೆ ಬಿಡಿ’ ಎಂಬ ಬೋರ್ಡು ಎಲ್ಲವೂ ಸಿದ್ಧವಾದವು. ಅದನ್ನು ನಡೆಸುವವರು ಯಾರೆಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಟೈಪು ಬರುತ್ತದೆ, ಸಿಟ್ಟು ಬರುವುದಿಲ್ಲ ಎಂಬ ಎರಡೇ ಅರ್ಹತೆಗಳ ಮೇಲೆ ಪರ್ವತಯ್ಯನವರನ್ನು ಒಳಗೆ ಕೂರಿಸಲಾಯಿತು. ಅಲ್ಲಿಂದಾಚೆಗೆ ಅವರು ಕಲಿತದ್ದನ್ನೆಲ್ಲ ತಾವಾಗಿಯೇ ಕಲಿತರು. ಕಲಿತದ್ದನ್ನು ಎಲ್ಲರ ಮುಂದೆ ಹಾಡಿಕೊಂಡು ತಿರುಗಲಿಲ್ಲ.

ಶಾಖೆಗಳಿಗೆ ಕಂಪ್ಯೂಟರು ಬಂದ ಮೇಲೆ ಅವರ ಅರ್ಧ ಆಯುಷ್ಯ ಬಸ್ಸಿನಲ್ಲಿ ಕಳೆಯಿತು. ಶಿರಾ ಶಾಖೆಯಿಂದ ಒಮ್ಮೆ ‘ಪೂರ್ತಿ ಕೆಟ್ಟುಹೋಗಿದೆ’ ಎಂಬ ಕರೆ ಬಂದಾಗ ಮುಖ್ಯ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ ನಾನೂ ಅವರ ಜೊತೆ ಹೋಗಿದ್ದೆ. ಗೋಡೆಯ ಸ್ವಿಚ್ಚನ್ನು ಯಾರೋ ಆರಿಸಿದ್ದರು, ಅಷ್ಟೆ. ಪರ್ವತಯ್ಯನವರು ಅದನ್ನು ಬಾಗಿಲಿನಿಂದಲೇ ಕಂಡಿದ್ದರು. ಆದರೆ ಶಾಖೆಯ ಗುಮಾಸ್ತರು ನಿವೃತ್ತಿಗೆ ಹತ್ತಿರದವರು, ಎದುರಿಗೆ ಹತ್ತಾರು ಜನ ನಿಂತಿದ್ದರು. ಇವರು ಸ್ಕ್ರೂಡ್ರೈವರ್ ತೆಗೆದು, ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಅರ್ಧ ಗಂಟೆ ಧೂಳು ಒರೆಸಿ, ಮತ್ತೆ ಮುಚ್ಚಿ, ಏಳುವಾಗ ಮೊಣಕೈ ತಾಗಿತೆಂಬಂತೆ ಸ್ವಿಚ್ಚು ಹಾಕಿದರು. ‘ಸೂಕ್ಷ್ಮದ ಕೆಲಸ ಸಾರ್, ನೀವು ಮುಟ್ಟದೆ ಇದ್ದದ್ದು ಒಳ್ಳೇದಾಯ್ತು’ ಎಂದು ಗುಮಾಸ್ತರಿಗೆ ಹೇಳಿ ಹೊರಟರು. ಬಸ್ಸಿನಲ್ಲಿ ನಾನು ನಕ್ಕಾಗ, ‘ಧೂಳೂ ಇತ್ತು ಕಣ್ರೀ’ ಎಂದಷ್ಟೇ ಅಂದರು.

ಮಧುಗಿರಿ ಮುಖ್ಯ ಕಚೇರಿಯ ಸರ್ವರ್, ಅಂದರೆ ನಾಲ್ಕು ಊರುಗಳ ಕಂಪ್ಯೂಟರುಗಳೂ ಮಾಹಿತಿಗಾಗಿ ಕೈಯೊಡ್ಡುವ ದೊಡ್ಡ ಕಂಪ್ಯೂಟರು, ಅವರ ವಿಶೇಷ ಕಾಳಜಿಯ ವಸ್ತು. ದಿನಕ್ಕೆ ಮೂರು ಸಲ ಅದರ ಮುಂದೆ ಕೂತು, ಪ್ರೊಸೆಸರಿಗೆ ಎಷ್ಟು ಕೆಲಸ ಬಿದ್ದಿದೆ, ಮೆಮೊರಿ ಎಷ್ಟು ಉಳಿದಿದೆ, ಡಿಸ್ಕು ಎಷ್ಟು ಹೊತ್ತು ಕಾಯಿಸುತ್ತಿದೆ ಎಂಬುದನ್ನು ರೂಲು ಹಾಕಿದ ಪುಸ್ತಕದಲ್ಲಿ ಬರೆಯುತ್ತಿದ್ದರು. ‘ಇದನ್ನ ಯಾರು ಓದ್ತಾರೆ ಪರ್ವತಯ್ಯನೋರೇ?’ ಎಂದು ನಮ್ಮ ಕಾರ್ಯದರ್ಶಿ ಪ್ರಭುದೇವ್ ಅವರು ಒಮ್ಮೆ ಕೇಳಿದರು. ‘ಓದೋ ಪರಿಸ್ಥಿತಿ ಬರದೆ ಇರಲಿ ಅಂತ ಬರೀತಿದೀನಿ ಸಾರ್’ ಎಂಬ ಉತ್ತರ ಬಂತು. ಹೀಗೆ ತುಂಬಿದ ಪುಸ್ತಕಗಳು ಇಪ್ಪತ್ತೆರಡು.

ಐವತ್ತೆಂಟನೆಯ ವಯಸ್ಸಿನಲ್ಲಿ, ಸಹೋದ್ಯೋಗಿಗಳೆಲ್ಲ ರಜೆಯ ಲೆಕ್ಕದಲ್ಲಿ ಮುಳುಗುವ ಕಾಲದಲ್ಲಿ, ಅವರು ಈ ಪುಸ್ತಕಗಳ ಕೆಲಸವನ್ನು ಯಂತ್ರದಿಂದಲೇ ಮಾಡಿಸುವ ವಿದ್ಯೆಯ ಬೆನ್ನು ಹತ್ತಿದರು. ಇಂಗ್ಲಿಷ್ ಕೈಪಿಡಿಯನ್ನು ಮುದ್ರಿಸಿಕೊಂಡು, ಕೊರಟಗೆರೆಗೂ ಪಾವಗಡಕ್ಕೂ ಹೋಗುವ ಬಸ್ಸುಗಳಲ್ಲಿ ಅಂಚಿನಲ್ಲಿ ಕನ್ನಡ ಬರೆಯುತ್ತ ಓದಿದರು. ನಾಲ್ಕು ತಿಂಗಳ ಬಳಿಕ ಆ ಆಜ್ಞೆ ಸಿದ್ಧವಾಯಿತು. ನಮಗೆ ಅದನ್ನು ವಿವರಿಸಿದ ರೀತಿ ಈಗಲೂ ಕಿವಿಯಲ್ಲಿದೆ: ‘ಏನನ್ನ ಅಳೀಬೇಕು, ಎಷ್ಟು ಸೆಕೆಂಡಿಗೊಂದು ಸಲ, ಎಲ್ಲಿಗೆ ಕಳಿಸ್ಬೇಕು, ಯಾವ ಹೆಸರಲ್ಲಿ ಇಡ್ಬೇಕು. ಇಷ್ಟು ಹೇಳಿ ಎಂಟರ್ ಒತ್ತಿದ್ರೆ ಅದು ಕೂತ್ಕೊಂಡು ಕಳಿಸ್ತಾನೇ ಇರುತ್ತೆ. ಟೀ ಕುಡಿಯಕ್ಕೂ ಏಳಲ್ಲ.’ ಅಳತೆಗಳೆಲ್ಲ ಹೋಗಿ ಸೇರುತ್ತಿದ್ದುದು ಒಂದು ಸರ್ಚ್ ಡೇಟಾಬೇಸಿಗೆ. ಬೇಕಾದ ದಿನ, ಬೇಕಾದ ಗಳಿಗೆ, ಬೇಕಾದ ಯಂತ್ರ ಯಾವುದೆಂದು ಕೇಳಿದರೆ ಕ್ಷಣದಲ್ಲಿ ಹುಡುಕಿ ಮುಂದಿಡುವ ಉಗ್ರಾಣ ಅದು. ನಾಲ್ಕು ಊರುಗಳ ಯಂತ್ರಗಳಲ್ಲೂ ಅದೇ ಸಾಲು ಓಡತೊಡಗಿತು; ಪ್ರತಿಯೊಂದು ಯಂತ್ರವೂ ತನ್ನ ಅಳತೆಗೆ ತನ್ನದೇ ಗಡಿಯಾರದ ಸಮಯವನ್ನು ಅಂಟಿಸಿ ಕಳಿಸುತ್ತಿತ್ತು.

ಈ ಕೊನೆಯ ಸಂಗತಿಯನ್ನು ಓದುಗರು ದಯವಿಟ್ಟು ಗಮನದಲ್ಲಿಡಬೇಕು. ನಾವು ಇಟ್ಟಿರಲಿಲ್ಲ.

೨೦೨೪ರ ಜೂನ್. ಮಳೆ ಬಿದ್ದು ಕಡ್ಲೆಕಾಯಿ ಬೀಜಕ್ಕೆ ಜನ ಸಾಲುಗಟ್ಟಿದ ಹೊತ್ತು. ಬೆಳಿಗ್ಗೆ ಹತ್ತಕ್ಕೆ ಶಾಖೆಗಳ ಬಾಗಿಲು ತೆರೆದು ಕೆಲ ನಿಮಿಷ ಕಳೆಯುವಷ್ಟರಲ್ಲಿ ಎಲ್ಲ ಕಡೆಯೂ ಕಂಪ್ಯೂಟರು ನಿಂತುಬಿಡುತ್ತಿತ್ತು. ಮತ್ತೆ ಅಲುಗಾಡಲು ಅರ್ಧ ಗಂಟೆ. ದಿನವೂ ಇದೇ ಕಥೆ. ಹೆಚ್ಚು ಜನವಿದ್ದ ಪಾವಗಡ ಶಾಖೆಯಲ್ಲಿ ಕಂಪ್ಯೂಟರ್ ಆಪರೇಟರ್ ಮಂಗಳಾ ಅವರು ಕಿಟಕಿಯ ಈಚೆ ಕೂತು ಕೇಳಿಸಿಕೊಂಡ ಮಾತುಗಳಲ್ಲಿ ಅಚ್ಚು ಮಾಡಬಹುದಾದದ್ದು ಒಂದೇ. ಸಾಲಿನ ಮುಂದಿದ್ದ ರಾಮಾಂಜಿನಮ್ಮ ಎಂಬ ಅಜ್ಜಿ, ‘ಏಮಮ್ಮಾ ಮಂಗಳಾ, ನಿನ್ ಕಂಪೂಟ್ರುಗೆ ಇನ್ನಾ ಎಚ್ಚರ ಆಗ್ಲಿಲ್ವೇನಮ್ಮಾ? ನಮ್ಮೆಮ್ಮೆ ಇಷ್ಟೊತ್ತಿಗೆ ಎರಡು ದಪ ಎದ್ದು ಕೂತ್ಕಂತು’ ಅಂದಳಂತೆ. ಮಂಗಳಾ ಅದೇ ತಾಲ್ಲೂಕಿನ ನಿಡುಗಲ್ಲಿನವರು. ಗುತ್ತಿಗೆ ನೌಕರಿ, ವರ್ಷಕ್ಕೊಮ್ಮೆ ನವೀಕರಣ. ಅದು ಜುಲೈ ಒಂದಕ್ಕೆ ಬಾಕಿಯಿತ್ತು.

ಪ್ರಭುದೇವ್ ಅವರು ಕಾರಣ ಕೇಳಿದರು. ಪರ್ವತಯ್ಯನವರು ಸರ್ಚ್ ಡೇಟಾಬೇಸನ್ನು ಕೇಳಿದರು. ಅದು ತಡವರಿಸದೆ ಉತ್ತರ ಕೊಟ್ಟಿತು. ಪಾವಗಡದ ಯಂತ್ರ ಏದುಸಿರು ಬಿಡಲು ತೊಡಗಿದ್ದು ಹತ್ತು ಐದಕ್ಕೆ, ಶಿರಾ ಮತ್ತು ಕೊರಟಗೆರೆ ಹತ್ತು ಏಳಕ್ಕೆ, ಮಧುಗಿರಿಯ ಮುಖ್ಯ ಸರ್ವರ್ ಹತ್ತು ಹದಿನೈದಕ್ಕೆ. ಅದೇ ಹತ್ತೂಕಾಲಕ್ಕೆ ಸರ್ವರಿನಲ್ಲಿ ಹಿಂದಿನ ದಿನದ ದಾಖಲೆಗಳನ್ನೆಲ್ಲ ನಕಲು ಮಾಡುವ ಭಾರೀ ಕೆಲಸ ಶುರುವಾಗುತ್ತಿತ್ತು; ಆದರೆ ಪಾವಗಡ ಅದಕ್ಕಿಂತ ಹತ್ತು ನಿಮಿಷ ಮೊದಲೇ ನಿಂತಿದ್ದರಿಂದ ಆ ಕೆಲಸದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಆರು ದಿನದ ಅಂಕಿಗಳೂ ಇದೇ ಮಾತು ಹೇಳಿದವು. ‘ಬೆಂಕಿ ಹತ್ತಿರೋದು ಪಾವಗಡದಲ್ಲೇ. ಆಯಮ್ಮ ಬೆಳಿಗ್ಗೆ ಬೆಳಿಗ್ಗೆ ಅದ್ರೊಳಗೆ ಏನೋ ತುರುಕ್ತಾಳೆ’ ಎಂದು ಪ್ರಭುದೇವ್ ತೀರ್ಮಾನಿಸಿದರು. ಏಳು ದಿನದೊಳಗೆ ವಿವರಣೆ ನೀಡದಿದ್ದರೆ ಗುತ್ತಿಗೆ ನವೀಕರಿಸಲಾಗದು ಎಂಬ ನೋಟಿಸು ಈ ಸಮಯಗಳ ಪಟ್ಟಿಯ ಸಮೇತ ಹೊರಟಿತು. ಅದರ ಕರಡು ನನ್ನದು. ಭಾಷೆಯಲ್ಲಿ ದೋಷವಿರಲಿಲ್ಲ, ಉಳಿದೆಲ್ಲದರಲ್ಲೂ ಇತ್ತು.

ನೋಟಿಸು ತಲುಪಿದ ಮರುದಿನ ಮಂಗಳಾ ಅವರು ಪರ್ವತಯ್ಯನವರಿಗೆ ಫೋನು ಮಾಡಿದರು. ಇವರು ಯಾವಾಗಲೂ ಸ್ಪೀಕರಿನಲ್ಲಿ ಮಾತಾಡುವವರಾದ್ದರಿಂದ ಕೋಣೆಯಲ್ಲಿದ್ದ ನನಗೂ ಕೇಳಿಸಿತು.

‘ಸಾ, ಒಂದು ಮಾತು ಕೇಳ್ತೀನಿ, ಬೈಬ್ಯಾಡ್ರಿ. ದಿನಾ ನಿಂತ್ ತಕ್ಷಣ ನಿಮಗೆ ಫೋನ್ ಮಾಡ್ತೀನಲ್ವಾ? ಮೊನ್ನೆ ಮಾಡಿದ್ದು ಹತ್ತು ಎಂಟಕ್ಕೆ. ನನ್ ಫೋನಾಗೈತೆ.’

‘ಹೌದಮ್ಮ, ಮಾಡಿದ್ರಿ.’

‘ಆಗ ನೀವೇನಂದ್ರಿ? ಇಲ್ಲೂ ನಿಂತು ಐದು ನಿಮಿಷ ಆಯ್ತಮ್ಮ ಅಂದ್ರಿ. ಅಂದ್ರೆ ನಿಮ್ಮದು ನಿಂತಿದ್ದು ಹತ್ತು ಮೂರಕ್ಕೆ. ಈ ನೋಟೀಸಾಗೆ ನೋಡಿದ್ರೆ ನಿಮ್ಮದು ನಿಂತಿದ್ದು ಹತ್ತೂಕಾಲಕ್ಕಂತೆ. ಇದು ಹೆಂಗ್ ಸಾ? ಇನ್ನಾ ನಿಲ್ಲದೆ ಇರೋದನ್ನ ನಿಂತೈತೆ ಅಂತ ಹೆಂಗಂದ್ಬುಟ್ರಿ?’

ಪರ್ವತಯ್ಯನವರು ಕನ್ನಡಕ ತೆಗೆದರು, ಹಾಕಿಕೊಂಡರು. ಆಮೇಲೆ, ‘ಮಂಗಳಮ್ಮ, ನಿಮ್ಮ ಕಂಪ್ಯೂಟರಲ್ಲಿ ಈಗ ಟೈಮೆಷ್ಟು?’ ಎಂದರು.

‘ಹನ್ನೊಂದು ಇಪ್ಪತ್ತು.’

ಎದುರಿನ ಸರ್ವರಿನ ಪರದೆಯಲ್ಲಿ ಹನ್ನೊಂದು ಮೂವತ್ತೆರಡು ಆಗಿತ್ತು. ಗೋಡೆಯ ಗಡಿಯಾರದಲ್ಲೂ ಅಷ್ಟೇ.

ಇದರ ಹಿನ್ನೆಲೆಯನ್ನು ಹೊರಗಿನವರಿಗಾಗಿ ಹೇಳಬೇಕು. ತುಮಕೂರಿನಿಂದ ಓಡಾಡುವ ಸಿಬ್ಬಂದಿಗೆ ಸಂಜೆ ಐದೂವರೆಯ ಬಸ್ಸು ತಪ್ಪದಿರಲೆಂದು ಮಧುಗಿರಿ ಕಚೇರಿಯ ಗೋಡೆ ಗಡಿಯಾರವನ್ನು ಹಿಂದಿನ ಕಾರ್ಯದರ್ಶಿಯೊಬ್ಬರ ಕಾಲದಿಂದಲೂ ಹನ್ನೆರಡು ನಿಮಿಷ ಮುಂದಿಡಲಾಗಿತ್ತು. ಕಚೇರಿಯಲ್ಲಿ ಐದೂವರೆ ಹೊಡೆದಾಗ ಬಸ್ ನಿಲ್ದಾಣದಲ್ಲಿ ಐದು ಹದಿನೆಂಟು. ಸರ್ವರ್ ಮುದ್ರಿಸುವ ಬೀಜದ ರಸೀದಿಯಲ್ಲಿ ಒಂದು ಸಮಯ, ಗೋಡೆಯಲ್ಲಿ ಇನ್ನೊಂದು ಸಮಯ ಕಂಡು ಕೌಂಟರಿನಲ್ಲಿ ದಿನವೂ ಜಗಳವಾಗತೊಡಗಿದಾಗ, ೨೦೧೪ರಲ್ಲಿ, ಪರ್ವತಯ್ಯನವರೇ ಸರ್ವರ್ ತನ್ನ ಸಮಯವನ್ನು ತಾನೇ ಸರಿಪಡಿಸಿಕೊಳ್ಳುವ ಏರ್ಪಾಡನ್ನು ನಿಲ್ಲಿಸಿ, ಅದನ್ನು ಗೋಡೆಗೆ ಹೊಂದಿಸಿದ್ದರು. ಜಗಳ ನಿಂತಿತು, ಎಲ್ಲರೂ ಮರೆತರು. ನಮ್ಮ ಕಚೇರಿಯಲ್ಲಿ ಹತ್ತು ವರ್ಷ ಎಲ್ಲರೂ ಒಂದೇ ತಪ್ಪು ಸಮಯದಲ್ಲಿ ಬಹಳ ಸಾಮರಸ್ಯದಿಂದ ಬದುಕಿದೆವು.

ಸರ್ವರಿನ ಸಮಯದಿಂದ ಆ ಹನ್ನೆರಡು ನಿಮಿಷ ಕಳೆದು ನೋಡಿದರೆ ಕಥೆ ತಲೆಕೆಳಗಾಗಿತ್ತು. ಮುಖ್ಯ ಸರ್ವರ್ ಮೊದಲು ನಿಂತದ್ದು, ನಿಜವಾದ ಹತ್ತು ಮೂರಕ್ಕೆ. ಪಾವಗಡ ಅದಾದ ಎರಡು ನಿಮಿಷಕ್ಕೆ ಉಸಿರುಗಟ್ಟಿದ್ದು. ಸರ್ವರನ್ನು ನಿಲ್ಲಿಸುತ್ತಿದ್ದದ್ದು ಆ ನಕಲು ಕೆಲಸ. ನಸುಕಿನಲ್ಲಿ ಕರೆಂಟು ಹೋಗುತ್ತದೆಂದು, ಜನವಿಲ್ಲದ ಫೆಬ್ರವರಿಯಲ್ಲಿ ಅದನ್ನು ಹತ್ತೂಕಾಲಕ್ಕೆ ತಂದಿಟ್ಟವರು ಪರ್ವತಯ್ಯನವರು. ಬಿತ್ತನೆ ಕಾಲಕ್ಕೆ ಮತ್ತೆ ಬದಲಿಸಲು ಮರೆತವರೂ ಅವರೇ.

‘ತಪ್ಪು ನಿಮ್ಮದಲ್ಲಮ್ಮ, ನಂದು’ ಎಂದು ಅವರು ಫೋನಿನಲ್ಲೇ ಹೇಳಿದರು. ‘ಅಂಗಾದ್ರೆ ನೋಟೀಸು?’ ಎಂದು ಮಂಗಳಾ ಕೇಳಿದರು.

ಪ್ರಭುದೇವ್ ಅವರು ಕೆಟ್ಟವರಲ್ಲ. ತಮ್ಮ ಹಿರಿಯ ಸಹೋದ್ಯೋಗಿಯನ್ನು ಉಳಿಸಲು ಅವರಿಗೊಂದು ದಾರಿ ತೋಚಿತು. ‘ಪರ್ವತಯ್ಯನೋರೇ, ನಿಮಗೆ ಉಳಿದಿರೋದು ಎಂಟು ತಿಂಗಳು. ಗಡಿಯಾರ ಸರಿ ಮಾಡ್ಬಿಡಿ, ಆಯಮ್ಮನಿಗೆ ನಾನೇ ಫೋನಲ್ಲಿ ಸಮಾಧಾನ ಹೇಳ್ತೀನಿ. ಯಾರು ಕೇಳ್ತಾರೆ?’

‘ನೋಟಿಸು ಬರವಣಿಗೇಲಿ ಹೋಗಿದೆ ಸಾರ್. ಫೋನಲ್ಲಿ ವಾಪಸ್ ಬರಲ್ಲ’ ಎಂದರು ಪರ್ವತಯ್ಯನವರು.

ಆ ಮಧ್ಯಾಹ್ನ ಅವರು ಆಡಳಿತ ಮಂಡಳಿಗೆ ಕೈಬರಹದಲ್ಲಿ ಒಂದೂವರೆ ಪುಟದ ಪತ್ರ ಬರೆದರು. ಗಡಿಯಾರ ತಿರುಗಿಸಿದ್ದು ತಾನು, ನಕಲಿನ ಹೊತ್ತು ಬದಲಿಸಿದ್ದು ತಾನು, ಅಂಕಿಗಳನ್ನು ಪರೀಕ್ಷಿಸದೆ ಮುಂದಿಟ್ಟದ್ದೂ ತಾನು. ಪಾವಗಡದ ಆಪರೇಟರರದು ಲವಲೇಶವೂ ತಪ್ಪಿಲ್ಲ. ಜೊತೆಗೆ, ಯಂತ್ರಗಳು ಉಳಿಸಿಕೊಂಡಿದ್ದ ಅಳತೆಗಳನ್ನು ಸಮಯ ತಿದ್ದಿ, ಅದೇ ಒಂದು ಸಾಲಿನ ಆಜ್ಞೆಯಿಂದ ಹೊಸ ಹೆಸರಿನಲ್ಲಿ ಡೇಟಾಬೇಸಿಗೆ ಮತ್ತೆ ಕಳಿಸಿ, ಹೊಸ ಪಟ್ಟಿಯನ್ನು ಲಗತ್ತಿಸಿದರು. ಹಳೆಯದನ್ನು ಅಳಿಸಿಬಿಡಿ ಎಂದು ಯಾರೋ ಸೂಚಿಸಿದಾಗ ಒಪ್ಪಲಿಲ್ಲ. ‘ತಪ್ಪು ಹೆಂಗಾಯ್ತು ಅಂತ ನಾಳೆ ಬಂದೋರಿಗೆ ಕಾಣಬೇಕಲ್ಲ’ ಎಂದರು. ಅಂದೇ ಸರ್ವರಿನ ಗಡಿಯಾರವನ್ನು ಸರಿಪಡಿಸಿ, ನಕಲಿನ ಕೆಲಸವನ್ನು ಸಂಜೆಗೆ ಸರಿಸಿದರು. ಮರುದಿನದಿಂದ ಯಾವ ಶಾಖೆಯ ಕಂಪ್ಯೂಟರೂ ಹತ್ತು ಗಂಟೆಗೆ ನಿಲ್ಲಲಿಲ್ಲ.

ಆಡಳಿತ ಮಂಡಳಿ ನೋಟಿಸನ್ನು ಹಿಂಪಡೆಯಿತು, ಮಂಗಳಾ ಅವರ ಗುತ್ತಿಗೆಯನ್ನು ನವೀಕರಿಸಿತು, ಪರ್ವತಯ್ಯನವರಿಗೆ ಎಚ್ಚರಿಕೆ ಪತ್ರ ಕೊಟ್ಟಿತು. ಮೂವತ್ತಮೂರು ವರ್ಷದ ಸೇವಾ ಪುಸ್ತಕದಲ್ಲಿ ಅದೊಂದೇ ಕಪ್ಪು ಗುರುತು. ಡಿಸೆಂಬರಿನಲ್ಲಿ ಮಂಗಳಾ ಅವರ ಹುದ್ದೆ ಖಾಯಂ ಆಯಿತು. ಈಗ ನಾಲ್ಕು ಊರುಗಳ ಯಂತ್ರಗಳಲ್ಲೂ ಆ ಸಾಲನ್ನು ಓಡಿಸುವವರು ಅವರೇ; ಪ್ರತಿ ಸೋಮವಾರ ನಾಲ್ಕು ಗಡಿಯಾರಗಳನ್ನೂ ತಾಳೆ ನೋಡುತ್ತಾರೆ.

ಬೀಳ್ಕೊಡುಗೆಗೆ ಮುಂಚೆ ಪ್ರಭುದೇವ್ ಅವರು ಮಂಡಳಿಯನ್ನು ಒಪ್ಪಿಸಿ, ಆ ಎಚ್ಚರಿಕೆ ಪತ್ರವನ್ನು ಸೇವಾ ಪುಸ್ತಕದಿಂದ ತೆಗೆಸುವ ಠರಾವಿಗೆ ಸಿದ್ಧತೆ ಮಾಡಿದರು. ಶಾಲು, ಹಾರ, ಫಲತಾಂಬೂಲಗಳಿಗಿಂತ ದೊಡ್ಡ ಉಡುಗೊರೆ ಅದೆಂದು ನಾವೆಲ್ಲ ಭಾವಿಸಿದ್ದೆವು. ಕರಡು ತೋರಿಸಲು ಹೋದದ್ದು ನಾನೇ. ಪರ್ವತಯ್ಯನವರು ಅದನ್ನು ಎರಡು ಸಲ ಓದಿ, ಮಂಗಳಾ ಅವರ ಖಾಯಮಾತಿ ಆದೇಶ ತರಿಸಿದರು. ಅದರ ನೆತ್ತಿಯ ಮೇಲಿನ ಉಲ್ಲೇಖಗಳಲ್ಲಿ ಮೂರನೆಯದರ ಮೇಲೆ ಬೆರಳಿಟ್ಟರು. ಆಕೆಯ ಮೇಲಿನ ಆರೋಪಕ್ಕೆ ಆಧಾರವಿಲ್ಲ ಎಂಬ ಮಾತಿಗೆ ಸಾಕ್ಷಿಯಾಗಿ ಅಲ್ಲಿ ಕೊಟ್ಟಿದ್ದದ್ದು ಇವರ ಎಚ್ಚರಿಕೆ ಪತ್ರದ ಸಂಖ್ಯೆ ಮತ್ತು ದಿನಾಂಕ.

‘ಇದನ್ನ ಕಿತ್ತು ಹಾಕಿದ್ರೆ ನಾಳೆ ಯಾರಾದ್ರೂ ಆ ಹುಡುಗಿ ಫೈಲು ತೆಗೆದು ಕೇಳಿದಾಗ ಏನು ತೋರಿಸ್ತೀರಿ? ಇರ್ಲಿ ಬಿಡಿ. ನಾನು ಮನೆಗೆ ಹೋಗೋನು, ಆಯಮ್ಮ ಇಲ್ಲಿರೋರು.’

ಠರಾವು ಮಂಡನೆಯಾಗಲಿಲ್ಲ. ಪತ್ರ ಅಲ್ಲೇ ಇದೆ.

ಪರ್ವತಯ್ಯನವರು ಈಗ ಬಡವನಹಳ್ಳಿಯಲ್ಲಿ ಪತ್ನಿ ಸಿದ್ದಗಂಗಮ್ಮನವರೊಡನೆ ಇದ್ದಾರೆ. ಗುರುವಾರಗಳಂದು ಶಾಖೆಗಳ ಹೊಸ ಆಪರೇಟರುಗಳಿಗೆ ಪಾಠ ಹೇಳಲು ಬರುತ್ತಾರೆ, ಚಹಾ ಮಾತ್ರ ಸ್ವೀಕರಿಸುತ್ತಾರೆ. ಆ ಪಾಠ ನಿಲ್ಲದಿರಲಿ, ದಂಪತಿಗಳಿಗೆ ಆರೋಗ್ಯವೂ ನೆಮ್ಮದಿಯೂ ಇರಲಿ ಎಂದು ಸಂಘದ ಎಲ್ಲರ ಪರವಾಗಿ ಹಾರೈಸುತ್ತೇನೆ. ಮಂಗಳಾ ಅವರಿಗೆ ಇನ್ನು ಇಪ್ಪತ್ತೆಂಟು ವರ್ಷ ಸೇವೆಯಿದೆ. ಅಷ್ಟು ಕಾಲವೂ ಆ ಎಚ್ಚರಿಕೆ ಪತ್ರ ಅವರ ಬೆನ್ನಿಗಿರಲಿ. ಅವರು ನಿವೃತ್ತರಾಗುವ ದಿನ ನಾಲ್ಕು ಮಾತಾಡಲು ಪತ್ರದ ಒಡೆಯರೇ ಬಂದು ಮುಂದಿನ ಸಾಲಿನಲ್ಲಿ ಕೂರಲಿ. ಆಗ ಪರ್ವತಯ್ಯನವರಿಗೆ ಎಂಬತ್ತೆಂಟು. ನಾವು ಹೆಚ್ಚೇನೂ ಕೇಳುತ್ತಿಲ್ಲ.